ಎಂಟು ತಿಂಗಳು ಬೀರುವಿನಲ್ಲಿದ್ದ ಟ್ಯಾಬ್ಲೆಟ್ ಏಳುತ್ತಿಲ್ಲ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಆಂಡ್ರಾಯ್ಡ್ ಟ್ಯಾಬ್ಲೆಟ್ ಎಂಟು ತಿಂಗಳು ಬೀರುವಿನಲ್ಲೇ ಇತ್ತು. ಈಗ ಹೊರತೆಗೆದು ಒಂದು ಗಂಟೆ ಚಾರ್ಜ್‌ಗೆ ಹಾಕಿದರೂ ಪರದೆ ಕಪ್ಪಾಗಿಯೇ ಇದೆ, ಬ್ಯಾಟರಿಯ ಚಿತ್ರವೂ ಮೂಡುತ್ತಿಲ್ಲ. ರಿಪೇರಿ ಮಾಡುವವರೊಬ್ಬರು ತಿರುಗಿಸಿ ನೋಡಿ "ಬೋರ್ಡ್ ಹೋಗಿದೆ" ಎಂದರು. ತಂದೆಯವರ ಕೊನೆಯ ವರ್ಷದ ಫೋಟೊಗಳೆಲ್ಲ ಅದರಲ್ಲಿವೆ. ಬೇರೆ ದಾರಿ ಇದೆಯೇ?

ಉತ್ತರ: ಬೋರ್ಡ್ ಹೋಗಿದೆ ಎಂದವರು ಏನನ್ನು ಅಳೆದು ಹಾಗೆ ಹೇಳಿದರು? ತಿರುಗಿಸಿ ನೋಡಿ ಹೇಳಬಹುದಾದ ಮಾತಲ್ಲ ಅದು. ನೀವು ಬರೆದಿರುವುದನ್ನು ಓದಿದರೆ ನನ್ನ ಅನುಮಾನ ಮೊದಲು ಬ್ಯಾಟರಿಯ ಮೇಲೆ. ಆಫ್ ಮಾಡಿಟ್ಟ ಟ್ಯಾಬ್ಲೆಟ್ ಕೂಡ ತೊಟ್ಟು ತೊಟ್ಟಾಗಿ ಚಾರ್ಜ್ ಕಳೆದುಕೊಳ್ಳುತ್ತಿರುತ್ತದೆ. ಪೂರ್ತಿ ತುಂಬಿದ ಲಿಥಿಯಂ ಬ್ಯಾಟರಿಯಲ್ಲಿ 4.2 ವೋಲ್ಟ್ ಅಥವಾ ತುಸು ಹೆಚ್ಚು ಇರುತ್ತದೆ. 3 ವೋಲ್ಟ್‌ಗೆ ಇಳಿದರೆ ಅದು ಬರಿದಾದಂತೆಯೇ. ಇನ್ನೂ ಇಳಿದರೆ ಒಳಗಿನ ರಕ್ಷಣಾ ಸರ್ಕಿಟ್ ಸಂಪರ್ಕವನ್ನೇ ಕಡಿದುಬಿಡುತ್ತದೆ.

ಇಂಥ ಬ್ಯಾಟರಿಗೆ ಚಾರ್ಜಿಂಗ್ ಐಸಿ (ಚಾರ್ಜ್ ಆಗುವುದನ್ನು ನಿಯಂತ್ರಿಸುವ, ಬೋರ್ಡಿನ ಮೇಲಿನ ಪುಟ್ಟ ಚಿಪ್) ಒಮ್ಮೆಲೇ ಪೂರ್ತಿ ಕರೆಂಟ್ ಕೊಡುವುದಿಲ್ಲ. ವೋಲ್ಟೇಜ್ ಚೇತರಿಸಿಕೊಳ್ಳುವವರೆಗೂ ಹನಿ ಹನಿಯಾಗಿ ಬಿಡುತ್ತದೆ. ಆ ಹೊತ್ತಿನಲ್ಲಿ ಪರದೆ ಬೆಳಗಲು ಬೇಕಾದಷ್ಟು ಶಕ್ತಿಯೇ ಇರುವುದಿಲ್ಲ. ಹಾಗಾಗಿ ಒಂದು ಗಂಟೆ ಹಾಕಿ ತೆಗೆದದ್ದರಿಂದ ಏನೂ ತೀರ್ಮಾನವಾಗುವುದಿಲ್ಲ. ಕಂಪ್ಯೂಟರಿನ ಹಳೆಯ ಯುಎಸ್‌ಬಿ ಪೋರ್ಟ್ ಕೊಡುವುದು 500 ಮಿಲಿ ಆಂಪಿಯರ್ ಮಾತ್ರ, ಅದನ್ನು ನಂಬಬೇಡಿ. 5 ವೋಲ್ಟ್, 2 ಆಂಪಿಯರ್‌ನ ಗೋಡೆ ಅಡಾಪ್ಟರ್ ಬಳಸಿ, ನಾಲ್ಕೈದು ಗಂಟೆ ಬಿಡಿ. ಗಟ್ಟಿ ನೆಲದ ಮೇಲೆ, ನಿಮ್ಮ ಕಣ್ಣೆದುರೇ ಇರಲಿ. ರಾತ್ರಿ ಹಾಕಿಟ್ಟು ಮಲಗುವುದು ಬೇಡ. ಮುಟ್ಟಿದಾಗ ಬಿಸಿ ಏರುತ್ತಿದೆ ಎನಿಸಿದರೆ ತಕ್ಷಣ ಕಳಚಿ.

ಆದರೆ ಚಾರ್ಜರ್ ಸಿಕ್ಕಿಸುವ ಮೊದಲೇ ಒಂದು ಪರೀಕ್ಷೆ ಆಗಬೇಕು. ಟ್ಯಾಬ್ಲೆಟ್ಟನ್ನು ಸಮತಟ್ಟಾದ ಮೇಜಿನ ಮೇಲೆ ಅಂಗಾತ ಇಡಿ. ಅದು ಓಲಾಡಿದರೆ, ಅಥವಾ ಪರದೆ ಒಂದು ಅಂಚಿನಲ್ಲಿ ಮೇಲೆದ್ದಿದ್ದರೆ ಬ್ಯಾಟರಿ ಉಬ್ಬಿದೆ ಎಂದು ತಿಳಿಯಿರಿ. ಅದನ್ನು ಚಾರ್ಜ್ ಮಾಡಬೇಡಿ, ಒತ್ತಿ ಕೂರಿಸಬೇಡಿ, ಚುಚ್ಚಬೇಡಿ. ಬ್ಯಾಟರಿ ಬದಲಾಯಿಸುವುದೊಂದೇ ದಾರಿ. ಬೇರೊಂದು ಬ್ಯಾಟರಿಯಿಂದ ನೇರವಾಗಿ ತಂತಿ ಕೊಟ್ಟು ಎಬ್ಬಿಸುವ ಉಪಾಯವನ್ನು ಯಾರಾದರೂ ಹೇಳಿದರೆ ದಯವಿಟ್ಟು ಕಿವಿಗೊಡಬೇಡಿ. ತೀರಾ ಬರಿದಾದ ಕೋಶದೊಳಗೆ ತಾಮ್ರ ಕರಗಿರಬಹುದು. ಅಂಥದ್ದಕ್ಕೆ ಒತ್ತಾಯದಿಂದ ಕರೆಂಟ್ ಕೊಟ್ಟರೆ ಒಳಗೇ ಶಾರ್ಟ್ ಆಗುವ ಅಪಾಯವಿದೆ.

ಪೋರ್ಟಿನೊಳಕ್ಕೂ ಟಾರ್ಚ್ ಬಿಟ್ಟು ನೋಡಿ. ಒಮ್ಮೆ ನನ್ನ ಮೇಜಿಗೆ ಬಂದ ಟ್ಯಾಬ್ಲೆಟ್ಟಿನಲ್ಲಿ ಪ್ಲಗ್ ಪೂರ್ತಿ ಕೂರದೆ ಕೂದಲೆಳೆಯಷ್ಟು ಹೊರಗೇ ನಿಲ್ಲುತ್ತಿತ್ತು. ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿದಾಗ ಬಟ್ಟೆಯ ಜುಂಗು ಬೂದು ಬಣ್ಣದ ಪುಟ್ಟ ಗುಳಿಗೆಯಾಗಿ ಹೊರಬಂತು, ಪ್ಲಗ್ ಟಿಕ್ ಎಂದು ಕೂತಿತು. ಅಷ್ಟೇ ರಿಪೇರಿ! ಸೂಜಿ, ಪಿನ್ನು ಮಾತ್ರ ಬೇಡ. ಟೈಪ್-ಸಿ ಪೋರ್ಟ್‌ನ ನಡುವೆ ತೆಳುವಾದ ನಾಲಗೆಯೊಂದಿರುತ್ತದೆ, ಅದಕ್ಕೆ ಪೆಟ್ಟಾಗಬಾರದು.

ಕೇಬಲ್ಲಿನ ನಡುವೆ ಸಿಕ್ಕಿಸುವ ಪುಟ್ಟ ಯುಎಸ್‌ಬಿ ಮೀಟರ್ ಸಿಕ್ಕರೆ ಊಹಿಸುವ ಕೆಲಸ ಬಹಳಷ್ಟು ತಪ್ಪುತ್ತದೆ. ಕರೆಂಟ್ ಸೊನ್ನೆಯಲ್ಲೇ ನಿಂತರೆ ಕೇಬಲ್, ಪೋರ್ಟ್ ಅಥವಾ ಚಾರ್ಜಿಂಗ್ ಸರ್ಕಿಟ್ಟಿನ ಕಡೆ ನೋಡಬೇಕು. 0.1 ಆಂಪಿಯರಿನ ಆಸುಪಾಸು ತೋರಿಸುತ್ತಿದ್ದರೆ ಬ್ಯಾಟರಿ ಹನಿ ಹನಿಯಾಗಿ ಕುಡಿಯುತ್ತಿರಬಹುದು, ಕಾಯಿರಿ. 1 ಆಂಪಿಯರ್ ದಾಟಿಯೂ ಪರದೆ ಕಪ್ಪಾಗಿದ್ದರೆ ಟ್ಯಾಬ್ಲೆಟ್ ಎದ್ದಿದ್ದು ಡಿಸ್‌ಪ್ಲೇ ಮಾತ್ರ ಕೆಟ್ಟಿರಬಹುದು. ಕತ್ತಲೆಯಲ್ಲಿ ಪರದೆಯ ಮೇಲೆ ಓರೆಯಾಗಿ ಟಾರ್ಚ್ ಹಿಡಿದು ನೋಡಿ. ಮಸುಕಾಗಿ ಚಿತ್ರ ಕಂಡರೆ ಹೋಗಿರುವುದು ಬ್ಯಾಕ್‌ಲೈಟ್, ಅಂದರೆ ಪರದೆಯ ಹಿಂದಿನ ಬೆಳಕು.

ಚಾರ್ಜರ್ ಸಿಕ್ಕಿಸಿರುವಾಗಲೇ ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಏಳದಿದ್ದರೆ ವಾಲ್ಯೂಮ್ ಇಳಿಸುವ ಬಟನ್ ಜೊತೆ ಸೇರಿಸಿ ಒತ್ತಿ. ಹೀಗೆ ಮಾಡುವಾಗ ರಿಕವರಿ ಮೆನು ತೆರೆದುಕೊಳ್ಳಬಹುದು. ಅಲ್ಲಿ ಡೇಟಾ ಅಳಿಸುವ ಆಯ್ಕೆಯನ್ನು ಮಾತ್ರ ಮುಟ್ಟಬೇಡಿ, ರೀಬೂಟ್ ಆಯ್ದುಕೊಳ್ಳಿ.

ಇಷ್ಟಕ್ಕೂ ಜಗ್ಗದಿದ್ದರೆ ಬಿಚ್ಚಲೇಬೇಕು. ಅಂಟು ಬಿಡಿಸಲು ಹದವಾಗಿ ಬಿಸಿ ಕೊಡಬೇಕಾಗುತ್ತದೆ, ಅಭ್ಯಾಸವಿಲ್ಲದ ಕೈಯಲ್ಲಿ ಪರದೆ ಸೀಳುತ್ತದೆ. ಅದನ್ನು ಬಲ್ಲವರಿಗೆ ಬಿಡಿ, ಬ್ಯಾಟರಿಯ ವೋಲ್ಟೇಜನ್ನು ಮಲ್ಟಿಮೀಟರಿನಿಂದ ನಿಮ್ಮೆದುರೇ ಅಳೆದು ತೋರಿಸಲು ಕೇಳಿ. 3.7 ವೋಲ್ಟ್ ಇದ್ದೂ ಏಳದಿದ್ದರೆ ಆಗ ಬೋರ್ಡಿನ ಮಾತು. ಆಗಲೂ ಬೋರ್ಡ್ ಬದಲಾಯಿಸಲು ಒಪ್ಪಿಕೊಳ್ಳಬೇಡಿ. ಇತ್ತೀಚಿನ ಟ್ಯಾಬ್ಲೆಟ್‌ಗಳಲ್ಲಿ ಫೋಟೊಗಳು ಗೂಢಲಿಪಿಯಲ್ಲಿ ಉಳಿದಿರುತ್ತವೆ, ಅದರ ಕೀಲಿ ಅದೇ ಬೋರ್ಡಿನ ಪ್ರೊಸೆಸರಿಗೆ ಕಟ್ಟುಬಿದ್ದಿರುತ್ತದೆ. ಹಳೆಯ ಬೋರ್ಡ್ ಒಮ್ಮೆಯಾದರೂ ಎದ್ದರೆ ಮಾತ್ರ ತಂದೆಯವರ ಫೋಟೊಗಳು ಹೊರಬಂದಾವು. ಚಾರ್ಜಿಂಗ್ ಐಸಿ ಒಂದನ್ನೇ ಬದಲಿಸಬಲ್ಲವರನ್ನು ಹುಡುಕಿ. ಅದಕ್ಕೂ ಮೊದಲು, ಈಗಲೇ, ಆ ಟ್ಯಾಬ್ಲೆಟ್ಟಿನಲ್ಲಿದ್ದ ಗೂಗಲ್ ಖಾತೆಯಿಂದ ಬೇರೊಂದು ಮೊಬೈಲಿನಲ್ಲಿ ಲಾಗಿನ್ ಆಗಿ ಗೂಗಲ್ ಫೋಟೋಸ್ ತೆರೆದು ನೋಡಿ. ಬ್ಯಾಕಪ್ ಆನ್ ಆಗಿದ್ದರೆ ಅವು ಅಲ್ಲೇ ಇರುತ್ತವೆ.

ಪ್ರಶ್ನೆ: ಕೇಬಲ್ಲನ್ನು ಒಂದು ಪಕ್ಕಕ್ಕೆ ಬಗ್ಗಿಸಿ ಹಿಡಿದರೆ ಮಾತ್ರ ನನ್ನ ಟ್ಯಾಬ್ಲೆಟ್ ಚಾರ್ಜ್ ಆಗುತ್ತದೆ. ಹೀಗೇ ನಡೆಸಬಹುದೇ?

ಉತ್ತರ: ಬೇಡ. ಮೊದಲು ಬೇರೆ ಕೇಬಲ್ ಹಾಕಿ ನೋಡಿ. ಅದರಲ್ಲೂ ಹಾಗೆಯೇ ಆದರೆ ಪೋರ್ಟಿನ ಬೆಸುಗೆ ಬಿಟ್ಟಿರುವ ಸಾಧ್ಯತೆ ಹೆಚ್ಚು. ಈಗಲೇ ಕೊಟ್ಟರೆ ಬೆಸುಗೆ ಹಾಕಿಸಿಯೋ ಪೋರ್ಟ್ ಬದಲಿಸಿಯೋ ಮುಗಿಯುತ್ತದೆ. ಬಗ್ಗಿಸುತ್ತಾ ಹೋದರೆ ಬೋರ್ಡಿಗೆ ಅಂಟಿದ ತಾಮ್ರದ ಪದರವೇ ಕಿತ್ತುಬರುತ್ತದೆ, ಆಮೇಲೆ ಬೆಸುಗೆ ಹಾಕಲು ಜಾಗವೇ ಉಳಿದಿರುವುದಿಲ್ಲ.