ಹುಡುಗರನ್ನು ಹೆದರಿಸಬೇಡಿ, ಬರೆಸಿ

ಪ್ರಶ್ನೆ: ನಮ್ಮ ಬಡಾವಣೆಯ ಹುಡುಗರು ಗುಂಪು ಕಟ್ಟಿಕೊಂಡು ಹೊಡೆದಾಡುತ್ತಾರೆ. ಜೈಲಿಗೆ ಹೋಗಿ ಬಂದ ಒಬ್ಬರಿಂದ ಅವರ ಕಥೆ ಹೇಳಿಸಿ, ಆಮೇಲೆ ಕವನ ಸ್ಪರ್ಧೆ ಇಟ್ಟರೆ ಸಾಕಾ?

ಇದಕ್ಕೆ ಉತ್ತರ ಬರೆದು ಬರೆದು ಸಾಕಾಗಿದೆ. ಇಲ್ಲ, ಸಾಕಾಗಲ್ಲ. ಇನ್ನಷ್ಟು ಕೆಡಲೂಬಹುದು.

1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ಒಂದು ಜೈಲಿನಲ್ಲಿ ಜೀವಾವಧಿ ಕೈದಿಗಳು ಹುಡುಗರನ್ನು ಎದುರು ಕೂರಿಸಿ, ಕಿರುಚಿ, ಬೈದು ಹೆದರಿಸುತ್ತಿದ್ದರು. ಜನ ಭೇಷ್ ಅಂದರು. ಇಂಥ ಕಾರ್ಯಕ್ರಮಗಳನ್ನು ಸರಿಯಾಗಿ ಪರೀಕ್ಷಿಸಿದಾಗ, ಹೋಗಿಬಂದ ಹುಡುಗರೇ ಹೋಗದವರಿಗಿಂತ ಜಾಸ್ತಿ ಅಪರಾಧ ಮಾಡಿದ್ದು ಗೊತ್ತಾಯಿತು. ‘ಒಂದೇ ಭಾಷಣದಲ್ಲಿ ಬದಲಾವಣೆ’ ಅಂತ ದುಡ್ಡು ಕೇಳುವವರು ಇದನ್ನು ಹೇಳಲ್ಲ.

ಅನುಭವಸ್ಥರು ಬೇಡ ಅಂತಲ್ಲ. ಷಿಕಾಗೋದಲ್ಲಿ ಗುಂಡಿನ ಹೊಡೆದಾಟ ತಡೆಯಲು 2000ದಲ್ಲಿ ಶುರುವಾದ ಸೀಸ್‌ಫೈರ್ ಯೋಜನೆ ಮುಂದೆ ಹಳೆ ಗ್ಯಾಂಗಿನವರನ್ನೇ ಕೆಲಸಕ್ಕೆ ಇಟ್ಟುಕೊಂಡಿತು. ಸೇಡು ಅಂತ ಕುದಿಯುತ್ತಿದ್ದ ಹುಡುಗನ ಪಕ್ಕ ಹೋಗಿ ಕೂರುವುದೇ ಅವರ ಕೆಲಸ, ಭಾಷಣ ಅಲ್ಲ. ನೀವು ಕರೆಸುವವರೂ ಚಾಕು ಹಿಡಿದ ಕಥೆಯನ್ನು ಎಳೆದೆಳೆದು ಹೇಳಿದರೆ ಹೀರೋ ಆಗಿಬಿಡುತ್ತಾರೆ. ಅದರ ಬದಲು, ಆಮೇಲೆ ಜೈಲಿನಲ್ಲಿ ಕಳೆದ ವರ್ಷಗಳ ಬಗ್ಗೆ ಮಾತಾಡಿಸಿ.

ಇನ್ನು ಕವನ. ಸ್ಪರ್ಧೆ ಬೇಡ, ಸೋತವನಿಗೆ ಇನ್ನೊಂದು ಅವಮಾನ ಯಾಕೆ? ‘ಶಾಂತಿ’ ಅಂತ ವಿಷಯ ಕೊಡಬೇಡಿ, ಬರೀ ಪಾರಿವಾಳ ಬರುತ್ತದೆ. ಜಗಳಕ್ಕೆ ಮುಂಚಿನ ಒಂದು ನಿಮಿಷ ಬರೆಸಿ. ಕೈ ಎಲ್ಲಿತ್ತು? ಸುತ್ತ ಯಾರಿದ್ದರು? ಕಿವಿಗೆ ಏನು ಬಿತ್ತು? ‘ಸಿಟ್ಟು’ ಅನ್ನೋ ಪದ ಬಳಸುವ ಹಾಗಿಲ್ಲ. ನಾನು ಕವನ ಬರೆಸುವ ಗುಂಪಿನ ಹುಡುಗನೊಬ್ಬ ಬರೆದ: ‘ಅವನು ಬೈದಿದ್ದು ಕೇಳಿಸಲಿಲ್ಲ. ಹಿಂದೆ ನಿಂತವರು ನಕ್ಕಿದ್ದು ಕೇಳಿಸಿತು.’ ಯಾರಿಗೋಸ್ಕರ ಹೊಡೆದೆ ಅಂತ ನಾನು ಕೇಳಬೇಕಾಗಲಿಲ್ಲ.

ಪ್ರಾಸ, ಕಾಗುಣಿತ ತಿದ್ದಲು ಹೋಗಬೇಡಿ. ವಾರ ವಾರ ಅದೇ ಜಾಗ, ಅದೇ ಹೊತ್ತು ಇರಲಿ. ಅರ್ಧಕ್ಕೆ ಕೈಬಿಡುವವರು ದಯವಿಟ್ಟು ಶುರುವೇ ಮಾಡಬೇಡಿ. ಗೆಳೆಯನನ್ನು ಈಗಷ್ಟೇ ಕಳೆದುಕೊಂಡವನಿಂದ ಬರೆಸಬೇಡಿ, ಸುಮ್ನೆ ಜೊತೆಗಿರಿ. ಕೋರ್ಟಿನಲ್ಲಿರುವ ಕೇಸು ಹಾಳೆಗೆ ಬರುವುದು ಬೇಡವೇ ಬೇಡ. ಅಮೆರಿಕ, ಬ್ರಿಟನ್ನಿನಲ್ಲಿ ಹುಡುಗರ ರ‍್ಯಾಪ್ ಸಾಲುಗಳನ್ನೇ ಅವರ ವಿರುದ್ಧ ಸಾಕ್ಷಿಯಾಗಿ ತಂದಿದ್ದಾರೆ. ಈ ವಿಷಯದಲ್ಲಿ ನಾನು ಅತಿ ಎಚ್ಚರಿಕೆಯವಳು ಅಂತ ಬೈಸಿಕೊಂಡರೂ ಪರವಾಗಿಲ್ಲ.

ರ‍್ಯಾಪ್ ಕೇಳಿ ಮಗ ಕೆಡುತ್ತಾನಾ?
ಕೇಳುವುದನ್ನು ಬಿಡಿಸುವ ಬದಲು ಅವನದೇ ಒಂದು ಬರೆಯಲು ಹೇಳಿ.

ಮಗನ ನೋಟ್‌ಬುಕ್ ಕದ್ದು ಓದಬಹುದಾ?
ಓದಿ. ಆಮೇಲೆ ಅವನು ಬರೆಯಲ್ಲ, ಅಷ್ಟೇ.

ಕವನದ ವಿಡಿಯೊ ಮಾಡಿ ಎಲ್ಲರಿಗೂ ಹಂಚಬಹುದಾ?
ಎದುರು ಗುಂಪಿನವರ ಹತ್ತಿರವೂ ಫೋನ್ ಇದೆ, ಅಲ್ವಾ? ಬೇಡ.