ಒಳ್ಳೆಯ ಕೆಲಸ ಮಾಡೋದಕ್ಕೂ ದೇವರ ಚಿತ್ತ ಕೇಳಬೇಕಾ?

ಹೌದು, ಕೇಳಬೇಕು. ಕೆಲಸ ಒಳ್ಳೆಯದೇ ಇರಬಹುದು, ಆದರೆ ಅದನ್ನು ಯಾರು, ಯಾವಾಗ ಮಾಡಬೇಕು ಅನ್ನೋದು ನಮಗೆ ಕಾಣೋದಿಲ್ಲ. ಬೈಬಲಿನಲ್ಲಿ ರಾಜ ದಾವೀದ ದೇವರಿಗೆ ಆಲಯ ಕಟ್ಟಲು ಆಸೆಪಟ್ಟಾಗ ಪ್ರವಾದಿ ನಾತಾನನೇ ಒಪ್ಪಿಬಿಟ್ಟ. ಅದೇ ರಾತ್ರಿ ದೇವರು ತಡೆದರು (2 ಸಮುವೇಲ 7). ಆಸೆ ತಪ್ಪಾಗಿರಲಿಲ್ಲ, ಕಟ್ಟಬೇಕಾದವನು ಮಗ ಸೊಲೊಮೋನ.

ಮಂಗಳೂರಿನ ನಮ್ಮ ಚರ್ಚ್ ಸಭೆಯ ಒಬ್ಬ ಅಜ್ಜಿಗೆ ನಾನು ಸುಮ್ನೆ ಒಂದು ಚೀಲ ಕುಚ್ಚಲಕ್ಕಿ ಹೊತ್ತುಕೊಂಡು ಹೋದೆ. ಜಗಲಿಯಲ್ಲಿ ಆಗಲೇ ಎರಡು ಚೀಲ ಇತ್ತು! ಕಣ್ಣು ಮಂಜಾಗಿದ್ದ ಅವರಿಗೆ ಬೇಕಿದ್ದದ್ದು ಪಕ್ಕದಲ್ಲಿ ಕೂತು ಬೈಬಲ್ ಓದಿ ಹೇಳುವವರು.

ಎದುರಿಗೆ ಬಿದ್ದವರನ್ನು ಎತ್ತಲು ಮಾತ್ರ ಕಾಯಬೇಡಿ, ಆ ಆಜ್ಞೆ ಆಗಲೇ ಕೊಟ್ಟಾಗಿದೆ. ಉಳಿದದ್ದಕ್ಕೆ ನಾನೀಗ ಪ್ರಾರ್ಥಿಸಿ, ಬೈಬಲ್ ವಾಕ್ಯ ಓದಿ, ಹಿರಿಯರೊಬ್ಬರನ್ನು ಕೇಳಿಯೇ ಹೊರಡುತ್ತೇನೆ.