ಮಾಡು ಹತ್ತದೆ ಬಚ್ಚಲೊಲೆಯ ಚಿಮಣಿಯ ಮಸಿ ತೆಗೆಯುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಮಲೆನಾಡಿನ ಹಳೆಯ ಹಂಚಿನ ಮನೆ, ಬಚ್ಚಲಿನ ಹಂಡೆ ಒಲೆಗೆ ಚಿಮಣಿ ಇದೆ, ಈ ಮಳೆಗಾಲದಲ್ಲಿ ಹೊಗೆಯೆಲ್ಲ ಒಳಗೇ ತಿರುಗುತ್ತಿದೆ. ಪ್ರತಿ ವರ್ಷ ಮಾಡು ಹತ್ತಿ ಮಸಿ ತೆಗೆಯುತ್ತಿದ್ದ ತಂದೆಗೆ ಎಪ್ಪತ್ತು ದಾಟಿದೆ, ನಿಮಗೆ ಹತ್ತಿ ಅಭ್ಯಾಸವಿಲ್ಲ. ನೆಲದ ಮೇಲೆ ನಿಂತೇ ಈ ಕೆಲಸ ಮಾಡಬಹುದೇ?

ಮಾಡಬಹುದು. ನಾನು ಎಂಟು ವರ್ಷಗಳಿಂದ ಹಾಗೆಯೇ ಮಾಡುತ್ತಿದ್ದೇನೆ. ಮಾಡು ಹತ್ತುವುದನ್ನು ಬಿಟ್ಟದ್ದು ಬುದ್ಧಿ ಬಂದು ಅಲ್ಲ. ಒಂದು ಆಗಸ್ಟಿನಲ್ಲಿ ಪಾಚಿ ಹಿಡಿದ ಹಂಚಿನ ಮೇಲೆ ಜಾರಿ, ಒಂದು ಕಾಲು ಹಂಚು ಒಡೆದುಕೊಂಡು ಒಳಗಿಳಿದು ರೀಪಿಗೆ ಸಿಕ್ಕಿಕೊಂಡಿತು. ಅದೇ ನನ್ನನ್ನು ಉಳಿಸಿತು. ಕೆಳಗೆ ಅಮ್ಮ ಹಂಡೆಗೆ ನೀರು ತುಂಬುತ್ತಿದ್ದವರು ತಲೆ ಎತ್ತಿ ನೋಡಿದರೆ ಮಾಡಿನಿಂದ ಮಗನ ಕಾಲು ನೇತಾಡುತ್ತಿತ್ತು. ಹನ್ನೊಂದು ಹಂಚು ಹೋದವು. ಅಂದಿನಿಂದ ಚಿಮಣಿಯ ಕೆಳಗಿನ ಬಾಯಿಯೊಂದಿಗೇ ನನ್ನ ವ್ಯವಹಾರ.

ಕೈ ಹಾಕುವ ಮೊದಲು ಕೊಳವೆ ಯಾವುದರದ್ದು ಎಂದು ನೋಡಿಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ನಾನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನಮ್ಮ ಕಡೆಯ ಅನೇಕ ಮನೆಗಳಿಗೆ ಚಿಮಣಿ ಬಂದದ್ದು ಅಸ್ತ್ರ ಒಲೆಯ ಜೊತೆಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ಅಲ್ಲಿ ರೂಪುಗೊಂಡ ಒಲೆಗೆ ಅದೇ ಹೆಸರು ಅಂಟಿಕೊಂಡಿತು. ಆ ದಿನಗಳಲ್ಲಿ ಹೊಗೆಗೆಂದು ನಿಲ್ಲಿಸಿದ ಕೊಳವೆಗಳಲ್ಲಿ ಬೂದು ಬಣ್ಣದ ಸಿಮೆಂಟ್ ಕೊಳವೆಗಳು ಬಹಳ. ಅವುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಸುಮ್ಮನೆ ನಿಂತಿರುವವರೆಗೆ ಅದು ತಂಟೆ ಮಾಡುವುದಿಲ್ಲ. ಒಣಗಿದ್ದಾಗ ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಕಣ್ಣಿಗೆ ಕಾಣದ ನಾರು ಗಾಳಿಗೆ ಏಳುತ್ತದೆ, ಶ್ವಾಸಕೋಶಕ್ಕೆ ಹೊಕ್ಕರೆ ಹೊರಗೆ ಬರುವುದಿಲ್ಲ. ಅಂಥ ಕೊಳವೆಯಾದರೆ ತಂತಿ ಬ್ರಷ್ ಬೇಡವೇ ಬೇಡ. ಕೈ ಪಂಪಿನಿಂದ ಒಳಗೆ ತೆಳ್ಳಗೆ ನೀರು ಸಿಂಪಡಿಸಿ, ಮೆತ್ತನೆಯ ನೈಲಾನ್ ಬ್ರಷ್ಷಿನಿಂದ ಹಗುರವಾಗಿ ಆಡಿಸಿ. ಮಸಿ ಕೆಸರಾಗುತ್ತದೆ, ಆಗಲಿ. ಕೊಳವೆ ಬಿರುಕು ಬಿಟ್ಟಿದ್ದರೆ ಅಥವಾ ಪುಡಿ ಉದುರುತ್ತಿದ್ದರೆ ಅದನ್ನು ಮುಟ್ಟದೆ, ತಿಳಿದವರನ್ನು ಕರೆಸಿ ತಗಡಿನ ಕೊಳವೆಗೆ ಬದಲಾಯಿಸಿಕೊಳ್ಳಿ. ಕೆಳಗೆ ಹೇಳುವುದೆಲ್ಲ ತಗಡಿನ ಮತ್ತು ಇಟ್ಟಿಗೆಯ ಚಿಮಣಿಗೆ.

ಸಾಮಾನು ಹುಡುಕಿಕೊಂಡು ಪೇಟೆಗೆ ಹೋಗಬೇಕಾಗಿಲ್ಲ. ಜೇಡರ ಬಲೆ ತೆಗೆಯಲು ಉಪಯೋಗಿಸುವ ದುಂಡನೆಯ ನೈಲಾನ್ ಬ್ರಷ್ ಮನೆಯಲ್ಲಿ ಇದ್ದೇ ಇರುತ್ತದೆ. ಅದರ ತಲೆಯನ್ನು ಬಿಚ್ಚಿಕೊಂಡು, ಕೊಳವೆಯ ಒಳ ಅಳತೆಗಿಂತ ಸುತ್ತಲೂ ಅರ್ಧ ಇಂಚು ಹೆಚ್ಚಿರುವಂತೆ ಕತ್ತರಿಯಿಂದ ಕತ್ತರಿಸಿ. ಹಿಡಿಕೆಗೆ ತೋಟದಲ್ಲಿ ಬಿದ್ದಿರುವ ಕಪ್ಪು ನೀರಿನ ಪೈಪು ಬೇಕು, ಒಂದು ಇಂಚಿನದು. ಹನಿ ನೀರಾವರಿಯ ಸಣ್ಣ ಪೈಪು ಆಗುವುದಿಲ್ಲ, ಅದು ಮಧ್ಯದಲ್ಲೇ ಮಡಚಿ ಕೂರುತ್ತದೆ. ಸುರುಳಿ ಸುತ್ತಿಟ್ಟ ಪೈಪನ್ನು ಒಂದು ದಿನ ಅಂಗಳದ ಬಿಸಿಲಿನಲ್ಲಿ ನೇರವಾಗಿ ಚಾಚಿ ಎರಡೂ ತುದಿಗೆ ಕಲ್ಲು ಹೇರಿಟ್ಟರೆ ಹೇಳಿದ ಮಾತು ಕೇಳುವಷ್ಟು ನೆಟ್ಟಗಾಗುತ್ತದೆ. ಬ್ರಷ್ಷಿನ ಕಾಂಡವನ್ನು ಪೈಪಿನೊಳಗೆ ತೂರಿಸಿ, ಅಡ್ಡಲಾಗಿ ತೂತು ಕೊರೆದು, ಬೋಲ್ಟು ನಟ್ಟು ಹಾಕಿ ಬಿಗಿಯಿರಿ. ಹಗ್ಗದಿಂದ ಕಟ್ಟಬೇಡಿ.

ಹಗ್ಗದ ವಿಷಯದಲ್ಲಿ ನನ್ನ ಮಾತು ನಂಬಿ. ಮೊದಲ ವರ್ಷ ನಾನು ಬಿದಿರಿನ ಗಳದ ತುದಿಗೆ ಗೋಣಿ ಚೀಲದ ಉಂಡೆಯನ್ನು ಹುರಿಹಗ್ಗದಿಂದ ಕಟ್ಟಿ ತಳ್ಳಿದ್ದೆ. ಮೇಲೆ ಹೋಗುವಾಗ ಚೆನ್ನಾಗಿಯೇ ಹೋಯಿತು. ಎಳೆದಾಗ ಗಳ ಮಾತ್ರ ಕೆಳಗೆ ಬಂತು, ಗೋಣಿ ಅಲ್ಲೇ ಕುಳಿತಿತು. ಮಾಡು ಹತ್ತಬಾರದೆಂದು ಹೊರಟವನು ಅದನ್ನು ತೆಗೆಸಲು ಬೇರೆಯವರನ್ನು ಮಾಡಿಗೆ ಹತ್ತಿಸಬೇಕಾಯಿತು. ಒಂದಕ್ಕೊಂದು ತಿರುಚಿ ಜೋಡಿಸುವ ಕಡ್ಡಿಗಳ ಸೆಟ್ಟು ಆನ್‌ಲೈನಿನಲ್ಲಿಯೂ ಸಿಗುತ್ತದೆ. ಅದನ್ನು ಕೊಂಡರೆ ಕೆಲಸದುದ್ದಕ್ಕೂ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಿ. ಮರೆತು ಒಮ್ಮೆ ಹಿಂದಕ್ಕೆ ತಿರುಗಿಸಿದರೆ ಮೇಲಿನ ಕಡ್ಡಿ ಬಿಚ್ಚಿಕೊಂಡು ಬ್ರಷ್ಷಿನ ಸಮೇತ ಒಳಗೇ ಉಳಿಯುತ್ತದೆ, ನನ್ನ ಗೋಣಿಯ ಹಾಗೆ.

ಇನ್ನು ಕೆಲಸ. ಹಿಂದಿನ ದಿನ ಬೆಳಗಿನಿಂದಲೇ ಒಲೆ ಹಚ್ಚಬೇಡಿ. ಬೂದಿಯ ಅಡಿಯಲ್ಲಿ ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ, ನೈಲಾನಿಗೆ ಅಷ್ಟು ಸಾಕು. ಬೂದಿಯನ್ನೆಲ್ಲ ಬಳಿದು ತಗಡಿನ ಡಬ್ಬಕ್ಕೆ ತುಂಬಿ ಅಂಗಳಕ್ಕೆ ಒಯ್ಯಿರಿ. ನಂತರ ಚಿಮಣಿಯ ಬುಡ ನೋಡಿ. ಬಲ್ಲವರು ಕಟ್ಟಿದ ಒಲೆಯಾದರೆ ಅಲ್ಲಿ ಮಸಿ ತೆಗೆಯಲೆಂದೇ ಒಂದು ಕಿಂಡಿ ಬಿಟ್ಟು, ಇಟ್ಟಿಗೆ ಇಟ್ಟು ಮಣ್ಣು ಮೆತ್ತಿರುತ್ತಾರೆ. ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಹೋದರೆ ಒಂದು ಕಡೆ ಸದ್ದು ಪೊಳ್ಳಾಗಿ ಕೇಳುತ್ತದೆ. ಕೊಳವೆ ಗೋಡೆ ತೂರಿ ಹೊರಗೆ ಹೋಗಿ ಮೇಲೇರಿದ್ದರೆ ಇನ್ನೂ ಒಳ್ಳೆಯದು. ಹೊರಗಿನ ತಿರುವಿನ ಅಡಿಯಲ್ಲಿ ಮುಚ್ಚಳವಿರುತ್ತದೆ, ಕೆಲಸವೆಲ್ಲ ಹಿತ್ತಿಲಲ್ಲೇ ಮುಗಿಯುತ್ತದೆ, ಬಚ್ಚಲು ಕಪ್ಪಾಗುವುದಿಲ್ಲ.

ಕಿಂಡಿ ತೆರೆದ ಮೇಲೆ ಅದಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿ, ನಡುವೆ ಪೈಪು ಹೋಗುವಷ್ಟು ಮಾತ್ರ ಸೀಳಿ. ಒಲೆಯ ಬಾಯಿಗೆ ಒದ್ದೆ ಗೋಣಿ ತುರುಕಿ. ಈ ಎರಡನ್ನು ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮ ಬಚ್ಚಲಿನ ಗೋಡೆ ಇಂದಿಗೂ ಹೇಳುತ್ತದೆ. ಮೂಗು ಬಾಯಿಗೆ ಒಳ್ಳೆಯ ಮುಖಗವಸು, ಕಣ್ಣಿಗೆ ಕನ್ನಡಕ, ಉದ್ದ ತೋಳಿನ ಹಳೆಯ ಅಂಗಿ ಇರಲಿ. ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಚಿಮಣಿ ಗುಡಿಸುವವರಿಗೆ ಬರುತ್ತಿದ್ದ ಕ್ಯಾನ್ಸರಿಗೂ ಮಸಿಗೂ ನಂಟು ತೋರಿಸಿದ್ದ. ವರ್ಷಕ್ಕೆರಡು ಬಾರಿ ಮಾಡುವ ನಮಗೆ ಅಷ್ಟು ಹೆದರಿಕೆ ಬೇಡ, ಆದರೆ ಮಸಿ ಮೈಗೆ ಮೆತ್ತಿಕೊಂಡು ಊಟಕ್ಕೆ ಕೂರುವುದೂ ಬೇಡ.

ಪೈಪನ್ನು ಒಂದೇ ಸಲ ತುದಿಯವರೆಗೆ ನೂಕಬೇಡಿ. ಎರಡು ಅಡಿ ಮೇಲೆ, ಒಂದು ಅಡಿ ಕೆಳಗೆ, ಹೀಗೆ ಏರಿಸುತ್ತಾ ಹೋಗಿ. ಒಣ ಮಸಿಯಾದರೆ ಉದುರುವ ಸದ್ದು ಜರಡಿಯಲ್ಲಿ ಹಿಟ್ಟು ಆಡಿಸಿದಂತೆ ಮೆತ್ತಗೆ ಕೇಳುತ್ತದೆ. ಚಕ್ಕೆಯಾಗಿ ಕಟ್ಟಿದ್ದರೆ ಒಣ ಎಲೆ ತುಳಿದಂತೆ ಪಟಪಟ ಬೀಳುತ್ತದೆ. ತುದಿ ತಲುಪಿದ್ದು ಕೈಗೇ ಗೊತ್ತಾಗುತ್ತದೆ, ಬ್ರಷ್ ಕೊಳವೆಯಿಂದ ಹೊರಬಿದ್ದ ಕೂಡಲೇ ಹಿಡಿತ ಸಡಿಲಾಗುತ್ತದೆ. ಅಲ್ಲಿ ಎಚ್ಚರ: ಮೇಲೆ ಮಳೆಗೆ ಹಾಕಿದ ತಗಡಿನ ಟೋಪಿ ಇರುತ್ತದೆ, ಜೋರಾಗಿ ನೂಕಿದರೆ ಅದು ಹಾರಿ ಬಿದ್ದು ಮಾಡು ಹತ್ತುವ ಕೆಲಸ ಮತ್ತೆ ನಿಮ್ಮ ತಲೆಗೇ ಬರುತ್ತದೆ. ನಾನು ಪೈಪಿನ ಮೇಲೆ ಟೋಪಿಗಿಂತ ಅರ್ಧ ಅಡಿ ಕಡಿಮೆ ಅಳತೆಗೆ ಕೆಂಪು ಟೇಪು ಸುತ್ತಿದ್ದೇನೆ. ಟೇಪು ಕಿಂಡಿಗೆ ಬಂತೆಂದರೆ ನಿಲ್ಲಿಸಿ, ಅಲ್ಲಿಂದ ಉಳಿದದ್ದನ್ನು ನಿಧಾನವಾಗಿ ಏರಿಸುತ್ತೇನೆ. ಹೊಗೆ ತಣ್ಣಗಾಗುವುದು ಮೇಲೆಯೇ ಆದ್ದರಿಂದ ಮಸಿ ಹೆಚ್ಚು ಕಟ್ಟುವುದು ಆ ತುದಿಯಲ್ಲೇ, ಅದನ್ನು ಬಿಟ್ಟು ಬರುವಂತೆಯೂ ಇಲ್ಲ.

ಮೊದಲ ಸಲ ನಮ್ಮ ಹತ್ತು ಅಡಿ ಕೊಳವೆಯಿಂದ ಅರ್ಧ ಬಕೆಟ್ ಮಸಿ ಬಂತು. ಧೂಳು ಕೂತ ಮೇಲೆ ಕಿಂಡಿಯೊಳಗೆ ಸಣ್ಣ ಕನ್ನಡಿ ಓರೆಯಾಗಿಟ್ಟು ಮೊಬೈಲಿನ ಟಾರ್ಚ್ ಬಿಟ್ಟು ನೋಡಿ. ಗೋಡೆ ಬೂದುಗಪ್ಪಾಗಿ ಮಂಕಾಗಿ ಕಂಡರೆ ಸಾಕು, ಪಾತ್ರೆ ಬೆಳಗಿದಂತೆ ಆಗಬೇಕಿಲ್ಲ. ಡಾಂಬರು ಬಳಿದಂತೆ ಮಿರಮಿರನೆ ಹೊಳೆಯುತ್ತಿದ್ದರೆ ಮಾತ್ರ ಚಿಂತಿಸಿ. ಅದು ಹೊಗೆಯ ರಾಳ ಗಟ್ಟಿಯಾದದ್ದು, ಇಂಗ್ಲಿಷಿನವರು ಕ್ರಿಯೋಸೋಟ್ ಎನ್ನುತ್ತಾರೆ. ನೈಲಾನ್ ಅದರ ಮೇಲೆ ಜಾರುತ್ತದೆ ಅಷ್ಟೇ. ತಗಡಿನ ಕೊಳವೆಯಾದರೆ ಆ ತುಂಡನ್ನೇ ಬದಲಿಸುವುದು ಸುಲಭ.

ಆ ರಾಳ ಕಟ್ಟುವುದು ಹಸಿ ಕಟ್ಟಿಗೆಯಿಂದ. ನಿಮ್ಮ ಹೊಗೆ ಮಳೆಗಾಲದಲ್ಲೇ ತಿರುಗಿದ್ದಕ್ಕೂ ಅರ್ಧ ಕಾರಣ ಅದೇ ಇರಬೇಕು. ನೀರು ತುಂಬಿದ ಸೌದೆ ಉರಿಯುವಾಗ ಶಾಖದ ದೊಡ್ಡ ಪಾಲು ನೀರು ಆವಿಯಾಗಿಸಲು ಹೋಗುತ್ತದೆ, ಹೊಗೆ ತಣ್ಣಗೆ ತೆವಳುತ್ತದೆ, ಕೊಳವೆಯ ಗೋಡೆಗೆ ಬೆವರಿದಂತೆ ಕೂರುತ್ತದೆ. ಹಂಡೆ ಒಲೆ ಇನ್ನೊಂದು ಕೆಟ್ಟ ಅಭ್ಯಾಸ ಕಲಿಸುತ್ತದೆ: ದಪ್ಪ ಕುಂಟೆಯೊಂದನ್ನು ನೂಕಿ ಇಡೀ ದಿನ ಹೊಗೆಯಾಡಲು ಬಿಡುವುದು. ನಾವೂ ಹಾಗೆಯೇ ಮಾಡುತ್ತಿದ್ದೆವು. ಈಗ ಹೋದ ಬೇಸಿಗೆಯ ಸೌದೆಯನ್ನಷ್ಟೇ ಒಳಗಿಡುತ್ತೇವೆ, ಬೆಳಿಗ್ಗೆ ಒಂದು ಗಂಟೆ ಜೋರಾಗಿ ಉರಿಸಿ ಬಿಡುತ್ತೇವೆ. ಮಸಿ ಮೊದಲಿನ ಅರ್ಧವೂ ಬರುವುದಿಲ್ಲ. ಥಂಡಿ ಬೆಳಗಿನಲ್ಲಿ ಹಚ್ಚುವ ಮೊದಲು ಒಲೆಯೊಳಗೆ ಕೊಳವೆಯ ಕಡೆಗೆ ಒಂದು ಹಾಳೆ ಕಾಗದ ಉರಿಸಿ ಕೊಳವೆ ಬಿಸಿ ಮಾಡಿದರೆ ಹೊಗೆ ದಾರಿ ಹಿಡಿಯುತ್ತದೆ. ಚಿಮಣಿ ಮಾಡಿನ ನೆತ್ತಿಗಿಂತ ಗಿಡ್ಡವಾಗಿದ್ದರೆ ಮಾತ್ರ ಗಾಳಿ ತಿರುಗಿದಾಗಲೆಲ್ಲ ಹೊಗೆ ಒಳಬರುತ್ತದೆ, ಎಷ್ಟು ಉಜ್ಜಿದರೂ ನಿಲ್ಲುವುದಿಲ್ಲ.

ಊರಿನಲ್ಲಿ ಯಾರಾದರೂ ಒಂದು ಹೊರೆ ಒಣ ಸೋಗೆ ತುಂಬಿ ಬೆಂಕಿ ಕೊಡಿ, ಮಸಿ ತಾನೇ ಸುಟ್ಟು ಹೋಗುತ್ತದೆ ಎಂದು ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ಒಳಗಿನ ರಾಳಕ್ಕೆ ಬೆಂಕಿ ಹತ್ತಿದರೆ ಕೊಳವೆ ಕೆಂಪಗೆ ಕಾಯುತ್ತದೆ, ಪಕ್ಕದಲ್ಲೇ ನೂರು ವರ್ಷ ಒಣಗಿದ ಪಕಾಸು ರೀಪು ಇರುತ್ತವೆ. ಎಂದಾದರೂ ಚಿಮಣಿಯೊಳಗೆ ಗುಡುಗಿದಂತೆ ಸದ್ದು ಬಂದರೆ ಒಲೆಯ ಬಾಯಿ ಮುಚ್ಚಿ ಗಾಳಿ ತಡೆಯಿರಿ, ಕೊಳವೆಗೆ ನೀರು ಸುರಿಯಬೇಡಿ, ಅದು ಸಿಡಿಯುತ್ತದೆ. ಮನೆಯವರನ್ನೆಲ್ಲ ಹೊರಗೆ ಕಳಿಸಿ 112ಕ್ಕೆ ಕರೆ ಮಾಡಿ.

ನಾನು ಈ ಕೆಲಸವನ್ನು ಮೇ ಕೊನೆಯಲ್ಲಿ ಒಮ್ಮೆ, ದೀಪಾವಳಿಗೆ ಒಮ್ಮೆ ಮಾಡುತ್ತೇನೆ. ನೀರು ತುಂಬುವ ಹಬ್ಬಕ್ಕೆ ಹೇಗೂ ಹಂಡೆ ಇಳಿಸಿ ತಿಕ್ಕಲೇಬೇಕು, ಒಲೆ ಆರಿರುತ್ತದೆ, ಕಿಂಡಿಯ ಮಣ್ಣು ಬಿಚ್ಚಲು ಅದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ. ಮಸಿ ತೆಗೆದ ಮೇಲೆ ಇಟ್ಟಿಗೆಯನ್ನು ಹಿಂದಕ್ಕೆ ಇಟ್ಟು, ಕೆಮ್ಮಣ್ಣಿಗೆ ಸ್ವಲ್ಪ ಸಗಣಿ ಕಲಸಿ ಸಂದಿಯಿಲ್ಲದಂತೆ ಮೆತ್ತಿ. ಸಿಮೆಂಟ್ ಹಾಕಿದರೆ ಮುಂದಿನ ಸಲ ಉಳಿ ಬೇಕಾಗುತ್ತದೆ. ಅಮ್ಮ ಹಂಡೆಗೆ ಹಿಂಡ್ಲೆಕಾಯಿಯ ಸರ ಕಟ್ಟುವಷ್ಟರಲ್ಲಿ ಮಣ್ಣು ಒಣಗಿರುತ್ತದೆ.